ಕೊಲ್ಲೇರಿನ ಹೆಜ್ಜಾರ್ಲೆ, ಹಿತ್ತಿಲ ಪಿಕಳಾರ

ನಮ್ಮ ಪತ್ರಿಕೆಯ ಕಾರ್ಯಾಲಯಕ್ಕೆ ಈಚೆಗೆ ಕವನಗಳಿಗಿಂತಲೂ ಹೆಚ್ಚಾಗಿ ಛಾಯಾಚಿತ್ರಗಳು ಬರತೊಡಗಿವೆ. ಸಂಪಾದಕನಾದವನಿಗೆ ಇದು ಸಂತೋಷದ ಸಂಗತಿಯೇ ಸರಿ. ಚಿತ್ರದಲ್ಲಿ ಕಾಗುಣಿತ ತಿದ್ದುವ ಕೆಲಸವಿಲ್ಲ. ಅರಕು ಕಣಿವೆಯ ಮಂಜು, ಭೀಮಿಲಿಯ ದಾರಿಯ ಕೆಂಪು ಮಣ್ಣಿನ ದಿಬ್ಬಗಳು, ಕೊಂಡಪಲ್ಲಿ ಕೋಟೆಯ ಮುರುಕು ಗೋಡೆ, ಪ್ರಕಾಶಂ ಬ್ಯಾರೇಜಿನ ಆಚೆ ಮುಳುಗುವ ಸೂರ್ಯ ಎಲ್ಲವೂ ಇವೆ. ಕಳುಹಿಸುವವರು ದೊಡ್ಡ ಕ್ಯಾಮೆರಾ ಹೊತ್ತ ಶ್ರೀಮಂತರಲ್ಲ. ಹೋಟೆಲುಗಳ ಸಪ್ಲಾಯರುಗಳು, ಗಲ್ಲಾದಲ್ಲಿ ಕುಳಿತವರು, ಬಂದರಿನ ಕಡೆಯ ಕಚೇರಿಗಳ ಗುಮಾಸ್ತರು. ಹೆಚ್ಚಿನವು ಕೈಫೋನಿನಿಂದ ತೆಗೆದವು. ಅವುಗಳಲ್ಲಿ ಕೆಲವಂತೂ ಯಾವ ಪ್ರದರ್ಶನಕ್ಕಾದರೂ ಸಲ್ಲುವಂಥವು.

ಕಳೆದ ತಿಂಗಳು ವಿಜಯವಾಡದ ತರುಣರೊಬ್ಬರು ಕಳುಹಿಸಿದ ಒಂದು ಚಿತ್ರವನ್ನು ಮಾತ್ರ ನಾನು ಅಚ್ಚಿಗೆ ಕೊಡಲಿಲ್ಲ. ಪಿಕಳಾರದ ಗೂಡು, ಅದರಲ್ಲಿ ಬಾಯ್ದೆರೆದ ಮೂರು ಮರಿಗಳು. ಚಿತ್ರ ಸ್ಫುಟವಾಗಿತ್ತು, ಬೆಳಕು ಧಾರಾಳವಾಗಿತ್ತು. ಬೆಳಕು ಅಷ್ಟು ಧಾರಾಳವಾಗಿದ್ದುದೇ ನನ್ನ ತಕರಾರು. "ನನ್ನ ಚಿತ್ರದಲ್ಲಿ ದೋಷವೇನೆಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ" ಎಂದು ಅವರು ವಿನಯದಿಂದಲೇ ಬರೆದು ಕೇಳಿದ್ದಾರೆ. ಎರಡು ಸಾಲಿನಲ್ಲಿ ಬರೆಯಹೊರಟ ಉತ್ತರ ಬೆಳೆದು ಇಷ್ಟಾಯಿತು. ಬೇರೆ ವಾಚಕರಿಗೂ ಉಪಯೋಗವಾದೀತೆಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಹೋಟೆಲಿನವನ ಹೊತ್ತಿಗೂ ಸೂರ್ಯನ ಹೊತ್ತಿಗೂ ಎಂದೂ ಹೊಂದಿಕೆಯಾದುದಿಲ್ಲ. ಉದಯವಾದ ಮೇಲಿನ ಒಂದು ಗಂಟೆ, ಅಸ್ತಮಾನಕ್ಕೆ ಮುಂಚಿನ ಒಂದು ಗಂಟೆ, ಇವೇ ಉತ್ತಮವೆಂದು ಛಾಯಾಗ್ರಹಣದ ಪುಸ್ತಕಗಳೆಲ್ಲ ಒಕ್ಕೊರಲಿನಿಂದ ಹೇಳುತ್ತವೆ. ಆಗ ಕಿರಣಗಳು ಓರೆಯಾಗಿ ವಾತಾವರಣದಲ್ಲಿ ದೀರ್ಘವಾದ ದಾರಿಯನ್ನು ಹಾದು ಬರುವುದರಿಂದ ನೀಲಿಯ ಅಂಶ ಚದುರಿಹೋಗಿ ಹೊನ್ನಿನ ಬಣ್ಣ ಉಳಿಯುತ್ತದೆ. ನೆರಳು ಉದ್ದವಾಗಿ ಚಾಚಿ ಬೆಟ್ಟಗುಡ್ಡಗಳ ಉಬ್ಬುತಗ್ಗುಗಳು ಎದ್ದು ಕಾಣುತ್ತವೆ. ಆದರೆ ಆ ಹೊತ್ತಿನಲ್ಲಿ ನಾವೆಲ್ಲಿರುತ್ತೇವೆ? ಬೆಳಗಿನ ಆ ಗಂಟೆ ಇಡ್ಲಿಯ ಹಬೆಯದು; ಸಂಜೆಯ ಆ ಗಂಟೆ ಬೋಂಡಾ ಕಾಫಿಯದು. ನಮ್ಮ ಪಾಲಿಗೆ ಉಳಿಯುವುದು ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಹಿಟ್ಟು ಕಲಸುವುದಕ್ಕೆ ಮುಂಚಿನ, ಮೂರರಿಂದ ನಾಲ್ಕರ ಒಣ ಬಿಸಿಲು. ಮತ್ತು ರಾತ್ರಿ ಹನ್ನೊಂದರ ಮೇಲಿನ ಕತ್ತಲೆ.

ಕುಂದಾಪುರ, ಉಡುಪಿಗಳ ಕಡೆಯಿಂದ ಬಂದವರಿಗೆ ಇನ್ನೊಂದು ತೊಡಕು. ಹುಟ್ಟಿದಂದಿನಿಂದ ನಾವು ಸೂರ್ಯನು ಕಡಲಿಗೆ ಇಳಿಯುವುದನ್ನು ಕಂಡವರು. ವಿಶಾಖಪಟ್ಟಣದಲ್ಲಿ ಅವನು ಕಡಲಿನಿಂದ ಏಳುತ್ತಾನೆ, ಅದೂ ನಮ್ಮೂರಿಗಿಂತ ಸುಮಾರು ಅರ್ಧ ಗಂಟೆ ಮುಂಚಿತವಾಗಿ. ಎಸ್.ಎಸ್.ಎಲ್.ಸಿ. ಮುಗಿಸಿ, ಸೋದರಮಾವನ ಕೈಹಿಡಿದು ಈ ಸೀಮೆಗೆ ಬಂದಿಳಿದ ಹೊಸತರಲ್ಲಿ ನಾನೊಂದು ಸಂಜೆ ರಜೆ ಬೇಡಿ ವಿಶಾಖಪಟ್ಟಣದ ಕಡಲತೀರಕ್ಕೆ ಹೋಗಿ ಕಾದು ಕುಳಿತಿದ್ದೆನು. ಸೂರ್ಯನು ನನ್ನ ಬೆನ್ನ ಹಿಂದೆ ಊರಿನ ಗುಡ್ಡಗಳ ಕಡೆ ಮುಳುಗಿಹೋದನು. ಮೋಸಹೋದವನಂತೆ ಎದ್ದು ಬಂದುದು ಇಂದಿಗೂ ನೆನಪಿದೆ.

ಇರಲಿ. ಮೂರು ಗಂಟೆಯ ಬಿಸಿಲನ್ನೇ ದುಡಿಸಿಕೊಳ್ಳುವುದನ್ನು ನಾವು ಕಲಿಯಬೇಕು. ಪ್ರಕಾಶಂ ಬ್ಯಾರೇಜಿನ ಬಳಿ ನಿಂತು ನೋಡಿರಿ. 1952ರಲ್ಲಿ ಹಳೆಯ ಆಣೆಕಟ್ಟು ಒಡೆದ ಮೇಲೆ ಕಟ್ಟಿ 1957ರಲ್ಲಿ ತೆರೆದ ಈ ಬ್ಯಾರೇಜಿಗೆ 70 ಬಾಗಿಲುಗಳು. ಬಾಗಿಲಿನ ಕೆಳಗೆ ನೀರು ನುಗ್ಗುವೆಡೆಯಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಮೀನಿಗಾಗಿ ಸಾಲುಗಟ್ಟಿರುತ್ತವೆ; ಕಪ್ಪು ಬಿಳಿ ಮಿಂಚುಳ್ಳಿಯು ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತ, ಕೊಕ್ಕನ್ನು ಕೆಳಗೆ ಚಾಚಿ, ತಟಕ್ಕನೆ ಬೀಳುತ್ತದೆ. ಆ ಬಿಸಿಲಿನಲ್ಲಿ ಬೆಳ್ಳಕ್ಕಿಯ ಚಿತ್ರ ತೆಗೆದರೆ ಗರಿಯೊಂದೂ ಕಾಣದೆ ಸುಣ್ಣ ಬಳಿದಂತಾಗುವುದು ಸಾಮಾನ್ಯ. ಫೋನಿನ ಪರದೆಯ ಮೇಲೆ ಹಕ್ಕಿಯನ್ನೇ ಬೆರಳಿನಿಂದ ಒತ್ತಿ ಬೆಳಕಿನ ಅಳತೆಯನ್ನು ತುಸು ಕೆಳಗಿಳಿಸಿದರೆ ಗರಿಗಳು ಮೂಡುತ್ತವೆ. ಹಿಂದಿನ ನೀರು ಕಪ್ಪಾಗುತ್ತದೆ. ಚಿತ್ರಕ್ಕೆ ಅದೂ ಒಂದು ಚೆಲುವೇ. ಸೂರ್ಯನಿಗೆ ಎದುರಾಗಿ ನಿಂತರೆ ಬಣ್ಣದ ಆಸೆಯನ್ನು ಬಿಟ್ಟು, ಹಕ್ಕಿಯನ್ನು ಬರಿಯ ಕಪ್ಪು ಆಕಾರವಾಗಿ ತೆಗೆಯುವುದೇ ಲೇಸು. ನಮ್ಮ ಹೋಟೆಲಿನ ಕ್ಯಾಷಿಯರರೊಬ್ಬರು ಎರಡು ವರುಷ ಇದೇ ಒಂದು ಜಾಗಕ್ಕೆ ಹೋಗಿ ಬಂದು ತೆಗೆದ ಮಿಂಚುಳ್ಳಿಯ ಚಿತ್ರ ನನ್ನ ಮೇಜಿನ ಗಾಜಿನ ಕೆಳಗಿದೆ. ನೂರು ಊರು ಸುತ್ತಿದವರಿಗಿಂತ ಒಂದೇ ಸ್ಥಳಕ್ಕೆ ನೂರು ಸಲ ಹೋದವರ ಚಿತ್ರವೇ ಮೇಲೆಂಬುದು ನನ್ನ ಖಚಿತವಾದ ಅಭಿಪ್ರಾಯ.

ದೂರ ಹೋಗಲು ವಾರದ ರಜೆ ಸಿಕ್ಕುವ ವಿಶಾಖಪಟ್ಟಣದವರಿಗೆ ಅರಕು ಇದೆ. ಬೈಲಾಡಿಲದ ಕಬ್ಬಿಣದ ಅದಿರನ್ನು ಬಂದರಿಗೆ ಸಾಗಿಸುವುದಕ್ಕಾಗಿ 1960ರ ದಶಕದಲ್ಲಿ ಪೂರ್ವಘಟ್ಟಗಳನ್ನು ಕೊರೆದು ಹಾಕಿದ ಹಳಿಯ ಮೇಲೆ ಬೆಳಗಿನ ಕಿರಂದೂಲಿನ ಗಾಡಿ ಹತ್ತಿದರೆ ಅರಕು ತಲುಪುವಷ್ಟರಲ್ಲಿ 58 ಸುರಂಗಗಳು. 2017ರಲ್ಲಿ ಇದಕ್ಕೆ ಗಾಜಿನ ಚಾವಣಿಯ ಬೋಗಿಯನ್ನೂ ಜೋಡಿಸಿದರು. ಚಿತ್ರ ತೆಗೆಯುವವರಿಗೆ ನನ್ನ ಸಲಹೆ ಸಾಧಾರಣ ಡಬ್ಬಿಯೇ. ಗಾಜಿನಲ್ಲಿ ನಮ್ಮ ಮುಖವೂ ಎದುರಿನವರ ಬಾಳೆಹಣ್ಣೂ ಪ್ರತಿಫಲಿಸುತ್ತವೆ. ಬಾಗಿಲಲ್ಲಿ ಜೋತು ನಿಲ್ಲುವವರನ್ನು ಕಂಡರೆ ಮಾತ್ರ ನನಗೆ ಎದೆ ಹಾರುತ್ತದೆ. ಸುರಂಗದ ಬಾಯಿ ಯಾರಿಗೂ ಹೇಳಿ ಬರುವುದಿಲ್ಲ.

ನವೆಂಬರಿನ ಹೊತ್ತಿಗೆ ಅರಕಿನ ಇಳಿಜಾರುಗಳಲ್ಲಿ ಹಳದಿ ಹೂವಿನ ಹೊಲಗಳು ತುಂಬಿ ನಿಲ್ಲುತ್ತವೆ. ನಮ್ಮಲ್ಲಿ ಇದಕ್ಕೆ ಹುಚ್ಚೆಳ್ಳು ಎನ್ನುತ್ತಾರೆ. ತೆಲುಗಿನಲ್ಲಿ ವೆರ್ರಿ ನುವ್ವುಲು. ಎರಡು ಭಾಷೆಗಳೂ ಆ ಬಡ ಎಳ್ಳಿಗೆ ಹುಚ್ಚನ್ನೇ ಏಕೆ ಅಂಟಿಸಿದವೋ ತಿಳಿಯದು. ಒಮ್ಮೆ ನಾನು ಅಂಥ ಹೊಲದ ನಡುವೆ ನಿಂತು ಚಿತ್ರ ತೆಗೆಯುತ್ತಿದ್ದಾಗ ಹೊಲದೊಡತಿ ಬಂದು ಹತ್ತು ರೂಪಾಯಿ ಕೇಳಿದಳು. ಮುನಿಸಿಕೊಳ್ಳುವುದರಲ್ಲಿದ್ದೆನು, ಅಷ್ಟರಲ್ಲಿ ನನ್ನ ಹಿಂದೆ ನಾನೇ ತುಳಿದು ಬಂದ ದಾರಿ ಕಣ್ಣಿಗೆ ಬಿತ್ತು. ಇಪ್ಪತ್ತು ಕೊಟ್ಟು ಬದುವಿನ ಮೇಲೆ ಬಂದು ನಿಂತೆನು. ಬದುವಿನಿಂದಲೇ ಚಿತ್ರ ಚೆನ್ನಾಗಿ ಬಂದಿತು.

ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ಕಡಲಂಚಿನ ದಾರಿಯಲ್ಲಿ ಎರ್ರ ಮಟ್ಟಿ ದಿಬ್ಬಲು ಎಂಬ ಕೆಂಪು ಮರಳಿನ ದಿಬ್ಬಗಳನ್ನೂ ಅವುಗಳ ನಡುವೆ ಮಳೆನೀರು ಕೊರೆದ ಕಮರಿಗಳನ್ನೂ ನೋಡಿದವರು ಮರೆಯಲಾರರು. ಸಾವಿರಾರು ವರುಷಗಳಿಂದ ಗಾಳಿ ನೀರುಗಳು ಕಟ್ಟಿದ ಈ ಸ್ಥಳವನ್ನು ರಾಷ್ಟ್ರೀಯ ಭೂಪರಂಪರೆಯ ತಾಣಗಳಲ್ಲಿ ಎಣಿಸಿದ್ದಾರೆ. ಅಂಚು ಬಹಳ ಸಡಿಲು. ಅದರ ಮೇಲೆ ನಿಂತು ಜಿಗಿಯುವ ಚಿತ್ರಗಳು ಬೇಡ. ಇನ್ನು, ವಿಶಾಖಪಟ್ಟಣವು ನೌಕಾಪಡೆಯ ಪೂರ್ವ ವಿಭಾಗದ ಮುಖ್ಯ ಠಾಣೆಯೆಂಬುದನ್ನು ನೆನಪಿಡಬೇಕು. ಡಾಲ್ಫಿನ್ಸ್ ನೋಸ್ ಗುಡ್ಡವನ್ನು ಕಡಲತೀರದಿಂದ ಎಷ್ಟಾದರೂ ತೆಗೆಯಿರಿ. ಹಡಗುಕಟ್ಟೆಯ ಕಡೆಗೆ, ನಿಷೇಧದ ಹಲಗೆಯಿರುವೆಡೆಯಲ್ಲಿ, ಫೋನನ್ನು ಜೇಬಿನಿಂದ ಹೊರಗೆ ತೆಗೆಯಲೇಬೇಡಿರಿ.

ಈಗ ಕೊಲ್ಲೇರಿನ ವಿಷಯಕ್ಕೆ ಬರುತ್ತೇನೆ. ವಿಜಯವಾಡದಲ್ಲಿ ಹತ್ತು ವರುಷ ದುಡಿದೂ ಕೊಲ್ಲೇರನ್ನು ನೋಡದ ನಮ್ಮವರನ್ನು ನಾನು ಬಲ್ಲೆನು. ಗುಡಿವಾಡದ ಮಾರ್ಗವಾಗಿ ರೈಲಿನಲ್ಲಿ ಸುಮಾರು 70 ಕಿಲೋಮೀಟರು ಹೋದರೆ ಕೈಕಲೂರು. ಅಲ್ಲಿಂದ ಆಟೋದಲ್ಲಿ ಆಟಪಾಕ. ಕೃಷ್ಣಾ ಗೋದಾವರಿಗಳ ಮುಖಜಭೂಮಿಗಳ ನಡುವಣ ತಗ್ಗಿನಲ್ಲಿ ನಿಂತ ಸಿಹಿನೀರಿನ ಈ ಸರೋವರಕ್ಕೆ ಬುಡಮೇರು, ತಮ್ಮಿಲೇರು ಮೊದಲಾದ ಹೊಳೆಗಳು ನೀರು ತರುತ್ತವೆ. ಮಿಕ್ಕ ನೀರು ಉಪ್ಪುಟೇರಿನ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತದೆ. 2024ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ವಿಜಯವಾಡದ ಬಡಾವಣೆಗಳನ್ನು ಮುಳುಗಿಸಿದ ಬುಡಮೇರು ಇದೇ. ಆ ವಾರ ಎದೆಯುದ್ದ ನೀರಿನಲ್ಲಿ ಸಾಮಾನು ಹೊತ್ತವರು ನಮ್ಮ ವಾಚಕರಲ್ಲಿ ಎಷ್ಟೋ ಮಂದಿಯಿದ್ದಾರೆ. ಅವರಿಗೆ ಆ ಹೊಳೆಯ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ಆಟಪಾಕಕ್ಕೆ ನಾನು ಮೊದಲು ಹೋದುದು ಒಂದು ಚಳಿಗಾಲದ ಸೋಮವಾರ. ಅರಣ್ಯ ಇಲಾಖೆಯವರು ನೀರಿನ ನಡುವೆ ನಿಲ್ಲಿಸಿದ ಕಬ್ಬಿಣದ ಅಟ್ಟಣೆಗಳ ಮೇಲೂ ಮರಗಳ ಮೇಲೂ ಹೆಜ್ಜಾರ್ಲೆಗಳು ಒತ್ತೊತ್ತಾಗಿ ಗೂಡುಕಟ್ಟಿದ್ದವು. ತೆಲುಗಿನಲ್ಲಿ ಇದು ಗೂಡಬಾತು. ಬೂದು ಬಿಳುಪಿನ ದೊಡ್ಡ ಹಕ್ಕಿ. ಕೊಕ್ಕಿನ ಕೆಳಗೆ ನಮ್ಮ ಹಿಟ್ಟಿನ ಚೀಲದಂತೆ ಜೋಲುವ ಚರ್ಮದ ಸಂಚಿ. ತಾಯಿ ಬಂದು ಕುಳಿತೊಡನೆ ಮರಿಯು ತನ್ನ ತಲೆಯನ್ನೇ ಆ ಸಂಚಿಯೊಳಕ್ಕೆ ತುರುಕಿ ಅರ್ಧಜೀರ್ಣವಾದ ಮೀನನ್ನು ತಿನ್ನುತ್ತದೆ. ಮರಿಯನ್ನು ತಾಯಿಯೇ ನುಂಗುತ್ತಿರುವಂತೆ ತೋರುತ್ತದೆ. ಛಾಯಾಗ್ರಾಹಕನಿಗೆ ಇದಕ್ಕಿಂತ ದೊಡ್ಡ ಕ್ಷಣ ಬೇಕೆ? ನಾನು ದೋಣಿಯವನನ್ನು ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ಅವಸರಪಡಿಸಿದೆನು. ಅವನು ಜಲ್ಲೆಯನ್ನು ಕೆಸರಿಗೆ ಊರಿ ದೋಣಿಯನ್ನು ನಿಲ್ಲಿಸಿಬಿಟ್ಟನು. "ಅವು ಕತ್ತು ಎತ್ತಿದುವಲ್ಲ ಅಯ್ಯಾ. ಕತ್ತು ಎತ್ತಿದರೆ ನಾವು ಹಿಂದೆ" ಎಂದನು. ನೋಡಿದರೆ, ಅದುವರೆಗೆ ರೆಕ್ಕೆಯಲ್ಲಿ ಕೊಕ್ಕಿಟ್ಟು ಕುಳಿತಿದ್ದ ಹತ್ತಾರು ಹಕ್ಕಿಗಳು ಎದ್ದು ನಿಂತು ನಮ್ಮನ್ನೇ ದಿಟ್ಟಿಸುತ್ತಿದ್ದವು. ಇನ್ನೊಂದು ಮಾರು ಮುಂದುವರಿದಿದ್ದರೆ ಅವು ಹಾರುತ್ತಿದ್ದವು. ಮರಿಗಳು ಬಿಸಿಲಿಗೆ ಬೀಳುತ್ತಿದ್ದವು. ದೋಣಿ ಹಿಂದೆ ಸರಿಯಿತು. ಕತ್ತುಗಳು ಇಳಿದುವು. ಆ ದೂರದಿಂದಲೇ ನಾನು ಒಂದೂವರೆ ಗಂಟೆ ಕುಳಿತು ನೋಡಿದೆನು. ಚಿತ್ರದಲ್ಲಿ ಹಕ್ಕಿಗಳು ಸಣ್ಣವು. ಆದರೆ ನೀರೂ ಆಕಾಶವೂ ಹಕ್ಕಿಗಳ ಊರೂ ಒಟ್ಟಿಗೇ ಬಂದಿವೆ.

ಈ ಹಕ್ಕಿಗಳ ಪೂರ್ವಕಥೆಯನ್ನು ಕೇಳಿದರೆ ದೋಣಿಯವನ ಎಚ್ಚರಿಕೆಯ ಬೆಲೆ ತಿಳಿಯುತ್ತದೆ. 1940ರ ದಶಕದಲ್ಲಿ ಕೆ. ಕೆ. ನೀಲಕಂಠನ್ ಎಂಬುವರು ಪಶ್ಚಿಮ ಗೋದಾವರಿ ಜಿಲ್ಲೆಯ ಆರೇಡು ಎಂಬ ಹಳ್ಳಿಯ ಬಳಿ ಹೆಜ್ಜಾರ್ಲೆಗಳ ದೊಡ್ಡ ಗೂಡುನೆಲೆಯನ್ನು ಕಂಡು, 1949ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅದರ ವರ್ಣನೆಯನ್ನು ಪ್ರಕಟಿಸಿದರು. ಇವರೇ ಮುಂದೆ ಇಂದುಚೂಡನ್ ಎಂಬ ಹೆಸರಿನಿಂದ ಕೇರಳದ ಪಕ್ಷಿಗಳ ಕುರಿತು ಮಲೆಯಾಳದಲ್ಲಿ ಗ್ರಂಥ ಬರೆದು ಪ್ರಸಿದ್ಧರಾದವರು. ಆ ಆರೇಡಿನ ನೆಲೆ ಕೆಲವು ದಶಕಗಳಲ್ಲಿಯೇ ಬರಿದಾಯಿತು. ಕೊಲ್ಲೇರಿನಲ್ಲಾದರೋ ಮೀನುಸಾಕಣೆಯ ಕೆರೆಗಳ ಕಟ್ಟೆಗಳು ಸರೋವರವನ್ನು ತುಂಡು ತುಂಡಾಗಿ ಹಂಚಿಕೊಂಡವು. 1999ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. 2002ರಲ್ಲಿ ರಾಮ್ಸರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು. 2006ರಲ್ಲಿ ಸರ್ಕಾರವು ಕಟ್ಟೆಗಳನ್ನು ಸಿಡಿಮದ್ದಿಟ್ಟು ಒಡೆಸಿತು. ಕಟ್ಟೆ ಒಡೆದವರದೂ, ಕಟ್ಟೆಯ ಮೀನಿನಿಂದ ಅನ್ನ ಕಂಡವರದೂ ಮಾತು ಬೇರೆ ಬೇರೆ. ಅದನ್ನು ತೀರ್ಪುಮಾಡಲು ನಾನು ಶಕ್ತನಲ್ಲ. ಹಕ್ಕಿಗಳಿಗೆ ಇಂದು ಉಳಿದಿರುವ ಜಾಗ ಹೆಚ್ಚಿಲ್ಲವೆಂಬುದಷ್ಟು ಕಣ್ಣಿಗೆ ಕಾಣುವ ಸಂಗತಿ.

ಇದೇ ಹಕ್ಕಿ ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಣ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತದೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಗಳೆಂದು ಊರವರು ಅದನ್ನು ಕಾಣುತ್ತಾರೆ. ಹಿಕ್ಕೆಯನ್ನು ಗದ್ದೆಗೆ ಗೊಬ್ಬರ ಮಾಡುತ್ತಾರೆ. ಮರದಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸಕ್ಕಾಗಿ ಅಲ್ಲಿನ ತರುಣರು ಕಟ್ಟಿಕೊಂಡ ಸಂಸ್ಥೆಗೆ ಹೆಜ್ಜಾರ್ಲೆ ಬಳಗವೆಂದೇ ಹೆಸರು. 2007ರಲ್ಲಿ ಆ ಗ್ರಾಮಕ್ಕೆ ಸಮುದಾಯ ಮೀಸಲು ಪ್ರದೇಶದ ಮನ್ನಣೆ ಬಂದಿತು. ಮೈಸೂರಿನ ಕಡೆ ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ ನೋಡಬೇಕು. ಅಲ್ಲಿ ಚಿತ್ರ ತೆಗೆಯಲು ದೂರದರ್ಶಕ ಮಸೂರವೂ ಬೇಡ, ಅಡಗುವ ಗುಡಾರವೂ ಬೇಡ. ಮನೆಯವರನ್ನು ಒಂದು ಮಾತು ಕೇಳಿ ಜಗಲಿಯ ಮೇಲೆ ಕುಳಿತರೆ ಸಾಕು.

ಕಾಡಿನ ಚಿತ್ರ ತೆಗೆಯುವುದರಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರುಂಟು. ಬೆಂಗಳೂರಿನಲ್ಲಿ ಅಧ್ಯಾಪಕರಾಗಿದ್ದ ಓ. ಸಿ. ಎಡ್ವರ್ಡ್ಸ್, ಅವರಲ್ಲಿ ಕಲಿತ ಟಿ. ಎನ್. ಎ. ಪೆರುಮಾಳ್ (1932-2017), ಇ. ಹನುಮಂತರಾವ್, ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ (1931-2011) ಮೊದಲಾದವರ ಚಿತ್ರಗಳು ಪರದೇಶಗಳ ಪ್ರದರ್ಶನಗಳಲ್ಲಿ ಮನ್ನಣೆ ಪಡೆದುವು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (1938-2007) ಮೂಡಿಗೆರೆಯ ತಮ್ಮ ತೋಟದಲ್ಲಿ ದಿನಗಟ್ಟಲೆ ಹಕ್ಕಿಗಾಗಿ ಕಾದು ಕುಳಿತವರು. ಮೈಸೂರಿನ ಕೃಪಾಕರ ಮತ್ತು ಸೇನಾನಿ ಅವರನ್ನು 1997ರಲ್ಲಿ ಬಂಡೀಪುರದಿಂದ ವೀರಪ್ಪನ್ ಅಪಹರಿಸಿಕೊಂಡು ಹೋಗಿದ್ದನು. ಬಿಡುಗಡೆಯಾಗಿ ಬಂದವರು ಮತ್ತೆ ಕಾಡಿಗೇ ಹೋಗಿ, ಕಾಡುನಾಯಿಗಳ ಹಿಂದೆ ವರುಷಗಟ್ಟಲೆ ನಡೆದು ತೆಗೆದ 'ದಿ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಇಂಗ್ಲೆಂಡಿನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ, ಹಸಿರು ಆಸ್ಕರ್ ಎಂದು ಜನರು ಕರೆಯುವ ಪಾರಿತೋಷಕ ದೊರೆಯಿತು.

ಹಳೆಯ ಪುಸ್ತಕಗಳನ್ನು ತಿರುವಿಹಾಕಿದರೆ ಹಕ್ಕಿಯ ಚಿತ್ರವೆಂಬುದು ಬಹುಮಟ್ಟಿಗೆ ಗೂಡಿನ ಚಿತ್ರವೇ. ಅದಕ್ಕೆ ಕಾರಣವಿದ್ದಿತು. ಆಗಿನ ಮಸೂರಗಳು ಮೋಟು, ಫಿಲ್ಮು ಮಂದ. ಹಕ್ಕಿಯು ಖಂಡಿತವಾಗಿ ಮರಳಿ ಬಂದು, ಒಂದು ನಿಮಿಷವಾದರೂ ನಿಲ್ಲುವ ಜಾಗ ಗೂಡೊಂದೇ. ಕ್ಯಾಮೆರಾಕ್ಕೆ ಅಡ್ಡವಾದ ಎಲೆಗಳನ್ನು ಸರಿಸುವುದೂ ಪ್ರಪಂಚದಾದ್ಯಂತ ರೂಢಿಯಲ್ಲಿತ್ತು. ಬಲ್ಲವರು ಎಲೆಯನ್ನು ದಾರದಿಂದ ಹಿಂದಕ್ಕೆ ಕಟ್ಟಿ, ಚಿತ್ರವಾದೊಡನೆ ಬಿಚ್ಚಿ ಮೊದಲಿನಂತೆ ಮುಚ್ಚುತ್ತಿದ್ದರು. ಅರೆಬರೆ ಕಲಿತವರು ಕತ್ತರಿಸುತ್ತಿದ್ದರು. ನಾನು ಅರೆಬರೆ ಕಲಿತವನು.

2008ರ ಮೇ ತಿಂಗಳು. ಆಗ ನಾನು ವಿಜಯವಾಡದಲ್ಲಿ ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಹೋಟೆಲಿನ ಹಿತ್ತಿಲಲ್ಲಿ, ನೀರಿನ ತೊಟ್ಟಿಯ ಪಕ್ಕದ ದಾಸವಾಳದ ಗಿಡದಲ್ಲಿ ಪಿಕಳಾರವೊಂದು ಗೂಡುಕಟ್ಟಿ ಮೂರು ಮರಿ ಮಾಡಿದ್ದಿತು. ಅದನ್ನು ಮೊದಲು ಕಂಡವನು ಪಾತ್ರೆ ತೊಳೆಯುತ್ತಿದ್ದ ಬೈಂದೂರಿನ ತರುಣ. ಯಾರೂ ಆ ಗಿಡದ ಬಳಿ ನೀರು ಚೆಲ್ಲದಂತೆ ಕಾಯುತ್ತಿದ್ದವನೂ ಅವನೇ. ನನಗಾದರೋ ಹೊಸದಾಗಿ ಕೊಂಡ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾದ ಅಮಲು. ಗೂಡಿನ ಮೇಲೆ ಎರ‍ಡು ಕವಲು ಕೊಂಬೆ ಬಾಗಿ ಮರಿಗಳ ಮುಖದ ಮೇಲೆ ನೆರಳು ಬೀಳುತ್ತಿತ್ತು. ಹನ್ನೊಂದು ಗಂಟೆಗೆ ತರಕಾರಿಯ ಕತ್ತಿಯಿಂದ ಅವೆರಡನ್ನೂ ಸವರಿಹಾಕಿದೆನು. ಸ್ಟೂಲಿನ ಮೇಲೆ ನಿಂತು ಮುಕ್ಕಾಲು ಗಂಟೆ ಚಿತ್ರ ತೆಗೆದೆನು. ತಾಯಿಹಕ್ಕಿ ತೊಟ್ಟಿಯ ಅಂಚಿನಲ್ಲಿ ಕುಳಿತು ಬೊಬ್ಬಿಡುತ್ತಿತ್ತು. ಅದರ ಚಿತ್ರವನ್ನೂ ತೆಗೆದೆನು. ಅಷ್ಟರಲ್ಲಿ ಊಟದ ಹೊತ್ತಾಯಿತೆಂದು ಗಲ್ಲಾಕ್ಕೆ ಬಂದು ಕುಳಿತೆನು.

ಬೆಜವಾಡದ ಮೇ ತಿಂಗಳ ಮಧ್ಯಾಹ್ನ ಎಂಥದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಮೂರೂವರೆ ಗಂಟೆಗೆ ಹಿತ್ತಿಲಿಗೆ ಹೋಗಿ ನೋಡುವಾಗ ಎರಡು ಮರಿಗಳು ಗೂಡಿನಲ್ಲೇ ಒಣಗಿ ಸತ್ತಿದ್ದವು. ಮೂರನೆಯದು ಸಂಜೆಯವರೆಗೆ ಇದ್ದಿತು. ತರುಣನು ಅದರ ಬಾಯಿಗೆ ಹನಿ ಹನಿಯಾಗಿ ನೀರು ಬಿಡುತ್ತ ಕುಳಿತಿದ್ದನು. ಎಂದೂ ಕೆಲಸ ತಪ್ಪಿಸಿದವನಲ್ಲದ ಅವನನ್ನು ಅಂದು ಯಾರೂ ಒಳಗೆ ಕರೆಯಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದ ನಮ್ಮ ಅಡುಗೆಯ ಭಟ್ಟರು ಕತ್ತರಿಸಿದ ಕೊಂಬೆಯನ್ನು ಕೈಗೆ ತೆಗೆದುಕೊಂಡು ನೋಡಿ, "ಇದು ನಿಮ್ಮ ಫೋಟೋಕ್ಕೆ ಅಡ್ಡ ಇದ್ದದ್ದಲ್ಲ ಮಾರಾಯ್ರೇ, ಅದರ ಮನೆಯ ಮಾಡು" ಎಂದರು. ಮತ್ತೇನೂ ಹೇಳಲಿಲ್ಲ.

ಚಿತ್ರ ಮಾತ್ರ ಸೊಗಸಾಗಿ ಬಂದಿತು. ನಾಚಿಕೆಯ ಸಂಗತಿಯೆಂದರೆ, ನಾನದನ್ನು ದೊಡ್ಡದು ಮಾಡಿಸಿ ಕಟ್ಟುಹಾಕಿಸಿ ಗಲ್ಲಾದ ಹಿಂದಿನ ಗೋಡೆಗೆ ತೂಗುಹಾಕಿದೆನು. ಬಿಲ್ಲು ಕೊಡಲು ಬಂದ ಗಿರಾಕಿಗಳು ಮೆಚ್ಚುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆನು. ಬೈಂದೂರಿನ ತರುಣನು ಆ ಗೋಡೆಯ ಕಡೆ ತಲೆಯೆತ್ತಿ ನೋಡಿದುದನ್ನು ನಾನು ಕಂಡಿಲ್ಲ. ವರುಷ ತುಂಬುವುದರೊಳಗೆ ಅವನು ವಿಶಾಖಪಟ್ಟಣದ ಬೇರೆ ಹೋಟೆಲಿಗೆ ಹೋದನು. ಸಂಬಳದ ಕಾರಣವೆಂದು ಹೇಳಿದನು, ಇದ್ದರೂ ಇರಬಹುದು. ಹೋಟೆಲನ್ನು ಪಾಲುಗಾರರಿಗೆ ಬಿಟ್ಟು ಪತ್ರಿಕೆಯ ಕೆಲಸಕ್ಕೆ ಬಂದ ದಿನ ಆ ಚಿತ್ರವನ್ನು ಇಳಿಸಿದೆನು. ಹೊಗೆ ಹಿಡಿದ ಗೋಡೆಯಲ್ಲಿ ಅದರ ಬಿಳಿಯ ಚೌಕ ಹಾಗೆಯೇ ಉಳಿಯಿತು.

ಆದುದರಿಂದ, ಚಿತ್ರ ಕಳುಹಿಸಿದ ತರುಣ ಮಿತ್ರರೇ, ನಿಮ್ಮ ಚಿತ್ರದ ಎಡ ಅಂಚಿನಲ್ಲಿ ಕತ್ತರಿಸಿದ ಕಡ್ಡಿಯ ಬಿಳಿಯ ತುದಿಯೊಂದು ಕಾಣುತ್ತಿದೆ. ಅದನ್ನು ನೋಡಿಯೇ ಪತ್ರಿಕೆಗೆ ಬೇಡವೆಂದೆನು. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲವೆಂಬುದು ಮೇಲಿನ ವೃತ್ತಾಂತದಿಂದ ಸ್ಪಷ್ಟವಾಗಿದೆ. ಕಾನೂನಿನ ಮಾತನ್ನು ಮಾತ್ರ ತಿಳಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಬೇಟೆಯೆಂಬ ಶಬ್ದಕ್ಕೆ ಕೊಟ್ಟ ಅರ್ಥವು ಕಾಡುಹಕ್ಕಿಗಳ ಮೊಟ್ಟೆಗಳನ್ನು ಅಥವಾ ಗೂಡುಗಳನ್ನು ಕದಲಿಸಿ ಕೆಡಿಸುವುದನ್ನೂ ಒಳಗೊಂಡಿದೆ. ವನ್ಯಜೀವಿಧಾಮಗಳ ಒಳಗೆ ಚಿತ್ರ ತೆಗೆಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳೂ ಪತ್ರಿಕೆಗಳೂ ಈಗ ತೆಗೆದುಕೊಳ್ಳುವುದಿಲ್ಲ. ಇನ್ನು ಮುಂದೆ ನಮ್ಮ ಪತ್ರಿಕೆಯೂ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಹಿತ್ತಿಲ ಹಕ್ಕಿಯ ಚಿತ್ರವೇ ಬೇಡವೆ? ಬೇಕು, ಅಗತ್ಯವಾಗಿ ಬೇಕು. ಅಗಲವಾದ ಮಣ್ಣಿನ ತಟ್ಟೆಯೊಂದನ್ನು ಕೊಳ್ಳಿರಿ. ಎರಡು ಬೆರಳಿಗಿಂತ ಆಳವಾಗಿ ನೀರು ಬೇಡ. ಮುಳುಗಿದರೆ ಸಣ್ಣ ಹಕ್ಕಿಗಳಿಗೆ ಅಪಾಯ. ನಡುವೆ ಒಂದು ಕಲ್ಲು. ಬೆಕ್ಕು ಹೊಂಚುಹಾಕುವ ಪೊದೆಯಿಂದ ದೂರವಾಗಿ, ನೆರಳಿನಲ್ಲಿ ಇಟ್ಟು, ಪಕ್ಕದಲ್ಲಿ ಒಣಕೊಂಬೆಯೊಂದನ್ನು ಊರಿರಿ. ಹಕ್ಕಿ ಮೊದಲು ಕೊಂಬೆಯ ಮೇಲೆ ಕುಳಿತು ಸುತ್ತಮುತ್ತ ನೋಡಿ ಆಮೇಲೆ ನೀರಿಗಿಳಿಯುತ್ತದೆ. ದಿನವೂ ತೊಳೆದು ನೀರು ಬದಲಿಸಬೇಕು. ತಟ್ಟೆ ತೊಳೆಯುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ವಾರ ಕಾಗೆಗಳಲ್ಲದೆ ಬೇರೇನೂ ಬಾರದಿರಬಹುದು. ಬೇಸರಪಡದೆ ಇಟ್ಟರೆ ಗುಬ್ಬಚ್ಚಿ, ಗೊರವಂಕ, ಮಡಿವಾಳ ಹಕ್ಕಿ, ಪಿಕಳಾರ, ಅದೃಷ್ಟವಿದ್ದರೆ ಸೂರಕ್ಕಿ. ಅಡುಗೆಮನೆಯ ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟು, ಅದರ ಸಂದಿನಿಂದ ಫೋನನ್ನು ಹಿಡಿದರೆ ಹತ್ತು ಹೆಜ್ಜೆಯಲ್ಲಿ ಚಿತ್ರ. ಸಂತೋಷದ ವಿಷಯವೆಂದರೆ, ಬೇಸಗೆಯಲ್ಲಿ ಹಕ್ಕಿಗಳು ನೀರಿಗೆ ಹೆಚ್ಚಾಗಿ ಬರುವ ವೇಳೆಗಳಲ್ಲಿ ಮಧ್ಯಾಹ್ನದ ಮೂರು ಗಂಟೆಯೂ ಒಂದು. ಪುಸ್ತಕದವರು ಬೇಡವೆಂದ ಹೊತ್ತು ನಮ್ಮ ಪಾಲಿಗೆ ಒದಗಿತು.

ಬೈಂದೂರಿನ ಆ ತರುಣನು ಈಗ ತರುಣನಲ್ಲ. ವಿಶಾಖಪಟ್ಟಣದ ಹೋಟೆಲೊಂದರಲ್ಲಿ ಮೇಲ್ವಿಚಾರಕನಾಗಿದ್ದಾನೆ. ಕಳೆದ ಫೆಬ್ರುವರಿಯಲ್ಲಿ ಪತ್ರಿಕೆಯ ಚಂದಾ ಕಟ್ಟಲು ಬಂದವನು, ಚಹಾ ಕುಡಿಯುತ್ತ ಒಂದು ಸಂಗತಿ ಹೇಳಿದನು. ಹೋಟೆಲಿಗೆ ಬಾಗಿಲು ಹಾಕಿ ರಾತ್ರಿ ಹನ್ನೆರಡರ ಸುಮಾರಿಗೆ ಕಡಲತೀರದ ಕಡೆಯಿಂದ ಕೋಣೆಗೆ ನಡೆದು ಹೋಗುವಾಗ, ಮರಳಿನ ಮೇಲೆ ದೊಡ್ಡದೊಂದು ಕಲ್ಲು ಸರಿದಂತೆ ಕಂಡಿತಂತೆ. ಕಡಲಾಮೆ. ಜನವರಿಯಿಂದ ಮಾರ್ಚಿಯವರೆಗೆ ಇವು ಈ ತೀರಕ್ಕೆ ಮೊಟ್ಟೆಯಿಡಲು ಬರುತ್ತವೆ; ನಮ್ಮ ಕುಂದಾಪುರದ ಕೋಡಿಯ ಮರಳಿಗೂ ಬರುತ್ತವೆ. ಟಾರ್ಚಿನ ಬೆಳಕು, ಕ್ಯಾಮೆರಾದ ಮಿಂಚುಬೆಳಕು ಬಿದ್ದರೆ ಬೆದರಿ ಮೊಟ್ಟೆಯಿಡದೆ ನೀರಿಗೆ ಮರಳುವುದುಂಟು. ಮರಿಗಳಾದರೋ ಕಡಲಿನ ಕಡೆಯ ಬೆಳಕನ್ನು ನೋಡಿ ನೀರನ್ನು ಹುಡುಕುವುದರಿಂದ, ನಮ್ಮ ದೀಪಗಳನ್ನು ಕಂಡು ರಸ್ತೆಯ ಕಡೆ ಹೊರಳುತ್ತವೆ.

"ಫೋನು ಇತ್ತಲ್ಲ, ಚಿತ್ರ ತೆಗೆದೆಯಾ?" ಎಂದು ಕೇಳಿದೆನು. ಸಂಪಾದಕನ ಚಟ ಹೋಗುವುದಿಲ್ಲ.

"ಇಲ್ಲ ಧಣಿ" ಎಂದನು. ಇಪ್ಪತ್ತು ಮಾರು ದೂರದಲ್ಲಿ ಮರಳಿನ ಮೇಲೆ ಕುಳಿತುಬಿಟ್ಟನಂತೆ. ಗುಂಡಿ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ, ಅದರ ಮೇಲೆ ಮೈಯನ್ನು ಎಡಕ್ಕೂ ಬಲಕ್ಕೂ ಕುಕ್ಕಿ ಗಟ್ಟಿಮಾಡಿ ಆಮೆ ನೀರಿಗೆ ಇಳಿಯುವಷ್ಟರಲ್ಲಿ ಒಂದೂಕಾಲು ಗಂಟೆ. ಬೆಳಗಾಗುವುದಕ್ಕೆ ಮುಂಚೆ ಬರುವ ಅರಣ್ಯ ಇಲಾಖೆಯ ಕಾವಲಿನವರಿಗೆ ಜಾಗ ತೋರಿಸಬೇಕೆಂದು ಅಲ್ಲಿಯೇ ಕುಳಿತನು. ಅವರು ಮೊಟ್ಟೆಗಳನ್ನು ಬುಟ್ಟಿಗೆ ತುಂಬುವಾಗ ಎಣಿಸಿದರಂತೆ, 112. ಆ ಲೆಕ್ಕವನ್ನು ಅವನು ಅಲ್ಲಿಂದಲೇ ಊರಿಗೆ ಫೋನು ಮಾಡಿ ತಾಯಿಗೆ ಹೇಳಿದನು. ಅಷ್ಟು ಹೊತ್ತಿಗೆ ಐದೂವರೆಯಾಗಿತ್ತು. ಇಡ್ಲಿಯ ಒಲೆ ಹೊತ್ತಿಸಲು ತಡವಾಯಿತೆಂದು ಅಂದು ಬೈಸಿಕೊಂಡನಂತೆ.